ವನದುರ್ಗದಿಂದ ಬೆಂಗಳೂರು ಎಷ್ಟು ದೂರ?

ಶಹಾಪುರ ಸೀಮೆಯ ಯಾವುದಾದರೂ ಹಳ್ಳಿದಾರಿಯಲ್ಲಿ ಎದುರಿಗೆ ಬಂದ ಹಿರಿಯರನ್ನು ತಡೆದು, 'ಮುಂದಿನ ಊರು ಎಷ್ಟ್ ದೂರ ಅದರೀ ಯಜಮಾನ್ರ?' ಎಂದು ಕೇಳಿ ನೋಡಿ. 'ಇಲ್ಲೇ ಅದ ರೀ, ಒಂದ್ ಬೀಡಿ ಸೇದೂದ್ರಾಗ ಬಂದೇ ಬಿಡ್ತದ' ಎಂಬ ಉತ್ತರ ಬರುತ್ತದೆ. ನಂಬಿ ಹೊರಟವರು ಒಂದು ಕಟ್ಟು ಬೀಡಿ ಮುಗಿಸಿದರೂ ಊರು ಬಂದಿರುವುದಿಲ್ಲ, ಆ ಮಾತು ಬೇರೆ. ಆದರೆ ಉತ್ತರದ ರೀತಿ ಗಮನಿಸಿ. ನೀವು ಕೇಳಿದ್ದು ದೂರವನ್ನು, ಅವರು ಹೇಳಿದ್ದು ಹೊತ್ತನ್ನು. ದೂರವೆಂದರೆ ಹೊತ್ತು ಎಂಬುದು ನಡೆದು ಬದುಕಿದವರ ಲೆಕ್ಕ.

ನಮ್ಮ ಹಳೆಯ ಅಳತೆಗಳೆಲ್ಲ ಹೀಗೆ ಮನುಷ್ಯನ ಮೈಯಿಂದಲೇ ಹುಟ್ಟಿದವು. ಕೂಗಿದರೆ ಕೇಳಿಸುವಷ್ಟು ದೂರ ಕೂಗಳತೆ. ಕೈಬೀಸಿ ಕಲ್ಲೆಸೆದರೆ ಬೀಳುವಷ್ಟು ದೂರ ಕಲ್ಲೆಸೆತ. ಹರದಾರಿ ಎಂದರೆ ಸುಮಾರು ಮೂರು ಮೈಲಿ, ಅಂದರೆ ಬಿರುಸಾಗಿ ಹೆಜ್ಜೆ ಹಾಕುವವನ ಒಂದು ತಾಸಿನ ನಡಿಗೆ. ಗಾವುದ ಅದಕ್ಕಿಂತ ದೊಡ್ಡದು. ಒಪ್ಪೊತ್ತಿನ ದಾರಿ, ಎರಡು ದಿನದ ದಾರಿ ಎಂಬ ಮಾತುಗಳಲ್ಲಂತೂ ದೂರ ಮತ್ತು ಕಾಲ ಒಂದರೊಳಗೊಂದು ಬೆರೆತೇ ಹೋಗಿವೆ.

ಈಗ ಕಾಲ ಬದಲಾಗಿದೆ. ಯಾವ ಎರಡು ಊರಿನ ಹೆಸರು ಕೊಟ್ಟರೂ ಕೈಯಲ್ಲಿರುವ ಮೊಬೈಲು ಒಂದು ಕ್ಷಣದಲ್ಲಿ ಉತ್ತರ ಹೇಳುತ್ತದೆ: ಆಕಾಶಮಾರ್ಗದಲ್ಲಿ ಇಷ್ಟು ಕಿಲೋಮೀಟರು, ವಿಮಾನದಲ್ಲಿ ಇಷ್ಟು ನಿಮಿಷ. ಈ ಲೆಕ್ಕಕ್ಕೆ ಮೊಬೈಲೇ ಬೇಕೆಂದಿಲ್ಲ. ಮಕ್ಕಳ ಶಾಲೆಯ ಭೂಪಟದ ಪುಸ್ತಕ ಸಾಕು. ಉತ್ತರ–ದಕ್ಷಿಣವಾಗಿ ಒಂದು ಡಿಗ್ರಿ ಅಕ್ಷಾಂಶ ಎಂದರೆ ಸುಮಾರು 111 ಕಿ.ಮೀ. ಶಹಾಪುರ ಇರುವುದು ಹದಿನಾರು ಮುಕ್ಕಾಲು ಡಿಗ್ರಿಗೆ ಕೊಂಚ ಕೆಳಗೆ, ಬೆಂಗಳೂರು ಹದಿಮೂರರ ಹತ್ತಿರ. ವ್ಯತ್ಯಾಸ 3.7 ಡಿಗ್ರಿ. ಗುಣಿಸಿದರೆ 410 ಕಿ.ಮೀ. ಬೆಂಗಳೂರು ಶಹಾಪುರಕ್ಕಿಂತ ಸುಮಾರು 80 ಕಿ.ಮೀ. ಪೂರ್ವಕ್ಕೆ ಸರಿದಿದೆ. ಎಂಟನೆಯ ತರಗತಿಯಲ್ಲಿ ಕಲಿತ ಲಂಬಕೋನ ತ್ರಿಭುಜವನ್ನು ನೆನಪಿಸಿಕೊಂಡು ಕರ್ಣ ತೆಗೆದರೆ ಉತ್ತರ 420ರ ಹತ್ತಿರ ಬರುತ್ತದೆ. ರಸ್ತೆಯ ಮೇಲೆ ಇದೇ ದೂರ ಐನೂರರ ಆಸುಪಾಸು.

ನಾನೂರಿಪ್ಪತ್ತು ಕಿಲೋಮೀಟರು. ತಾಸಿಗೆ ಏಳೆಂಟು ನೂರು ಕಿ.ಮೀ. ಓಡುವ ವಿಮಾನಕ್ಕೆ ಅದು ಅರ್ಧ ತಾಸಿನ ಕೆಲಸ. ಹಾಗಾದರೆ ಶಹಾಪುರ ತಾಲ್ಲೂಕಿನ ವನದುರ್ಗದವರಿಗೆ ಬೆಂಗಳೂರು ಅರ್ಧ ತಾಸಿನ ದೂರವೆ? ಹಾಗೆಂದು ಆ ಊರಿನ ಕಟ್ಟೆಯ ಮೇಲೆ ಕೂತು ಹೇಳಿದರೆ ಜನ ನಕ್ಕಾರು. ಆ ನಗುವಿನಲ್ಲಿ ಸತ್ಯವಿದೆ. ಅದೇನೆಂದು ನೋಡೋಣ.

* * *

ಮೊದಲು ಊರಿನ ಹೆಸರನ್ನೇ ತೆಗೆದುಕೊಳ್ಳಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಟೆಗಳು ನಾಲ್ಕು ಬಗೆ. ನೀರು ಸುತ್ತುವರಿದದ್ದು, ಬೆಟ್ಟದ ಮೇಲಿನದು, ಮರುಭೂಮಿಯದು, ಕಾಡಿನದು. ಕೊನೆಯದೇ ವನದುರ್ಗ. ನಮ್ಮ ವನದುರ್ಗದಲ್ಲೂ ಸುರಪುರದ ನಾಯಕರ ಕಾಲದ ಕೋಟೆಯಿದೆ. ದುರ್ಗ ಎಂಬ ಮಾತಿಗೆ ಅರ್ಥವೇ ಹೋಗಲು ಕಷ್ಟವಾದದ್ದು ಎಂದು. ಹೊರಗಿನವನಿಗೆ ಎಷ್ಟು ದೂರವೋ, ಎಷ್ಟು ದುರ್ಗಮವೋ ಒಳಗಿನವನಿಗೆ ಅಷ್ಟು ನೆಮ್ಮದಿ. ಆ ಕಾಲದಲ್ಲಿ ದೂರವೇ ಒಂದು ಆಸ್ತಿ.

ಇದು ಬರೀ ಮಾತಲ್ಲ. ಇದೇ ಸೀಮೆಯ ವಾಗಣಗೇರಿಯ ಕೋಟೆಯನ್ನು ಹಿಡಿಯಲು ಮೊಘಲ್ ಬಾದಷಹ ಔರಂಗಜೇಬ್ ಸ್ವತಃ ಬಂದಿದ್ದ. 1705ರ ಫೆಬ್ರುವರಿಯಿಂದ ಏಪ್ರಿಲ್ ತನಕ ಮುತ್ತಿಗೆ ನಡೆಯಿತು. ಬೇಡರ ಪಡೆಯೊಂದಿಗೆ ಎದುರು ನಿಂತವನು ಪಿಡ್ಡನಾಯಕ. ಕೊನೆಗೊಂದು ರಾತ್ರಿ ಕೋಟೆಯೊಳಗಿನವರು ಬೆಂಕಿ ಹಚ್ಚಿ ಕತ್ತಲಲ್ಲಿ ಮಾಯವಾದರು. ಬಾದಷಹನ ಕೈಗೆ ಸಿಕ್ಕಿದ್ದು ಬರೀ ಕೋಟೆ. ಅದು ಅವನ ಬದುಕಿನ ಕೊನೆಯ ಮುತ್ತಿಗೆ. ಎಂಬತ್ತಾರರ ಮುದುಕ ಕೃಷ್ಣಾ ತೀರದ ದೇವಾಪುರದಲ್ಲಿ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಮಲಗಿದ. ಅಲ್ಲಿಂದ ಅಕ್ಟೋಬರ್ ಕೊನೆಗೆ ಹೊರಟು ಅಹ್ಮದ್‌ನಗರ ಮುಟ್ಟಿದ್ದು 1706ರ ಜನವರಿಯಲ್ಲಿ.

ಭೂಪಟದ ಮೇಲೆ ಗೆರೆ ಎಳೆದರೆ ಅದು ಸುಮಾರು 350 ಕಿ.ಮೀ. ಹಿಡಿದದ್ದು ಮೂರು ತಿಂಗಳು. ನಡುನಡುವೆ ತಂಗಿದ್ದನ್ನೂ ಸೇರಿಸಿ ಸರಾಸರಿ ತೆಗೆದರೆ ದಿನಕ್ಕೆ ನಾಲ್ಕು ಕಿ.ಮೀ. ಆಯಿತು. ಹಿಂದೂಸ್ತಾನದ ಬಾದಷಹ ಆನೆ, ಕುದುರೆ, ಪಲ್ಲಕ್ಕಿ, ಫಿರಂಗಿಗಳ ಸಮೇತ ದಿನಕ್ಕೆ ಒಂದು ತಾಸಿಗೂ ಕಡಿಮೆ ನಡೆದ ಹಾಗೆ! ಅದೇ ಹಾದಿಯನ್ನು ವಾಗಣಗೇರಿಯ ಒಬ್ಬ ಕುರಿಗಾಹಿ ಹದಿನೈದಿಪ್ಪತ್ತು ದಿನದಲ್ಲಿ ನಡೆದುಬಿಡುತ್ತಿದ್ದ. ಪ್ರಯಾಣದ ಕಾಲ ದೂರದ ಮೇಲೆ ಎಷ್ಟು ನಿಂತಿದೆಯೋ, ಪಯಣಿಗನ ಬೆನ್ನ ಮೇಲಿನ ಭಾರದ ಮೇಲೂ ಅಷ್ಟೇ ನಿಂತಿದೆ.

* * *

ಇನ್ನೊಂದು ಲೆಕ್ಕವಿದೆ, ಅದನ್ನು ಯಾರೂ ಮಾಡುವುದಿಲ್ಲ. ಒಂದು ಊರು ಅಲುಗಾಡದೆ ಇದ್ದಲ್ಲೇ ಇರುತ್ತದೆ, ಅದರ ರಾಜಧಾನಿ ಮಾತ್ರ ಓಡಾಡುತ್ತದೆ. ನಾಯಕರ ಕಾಲದಲ್ಲಿ ವನದುರ್ಗದವರಿಗೆ ದೊರೆ ಇದ್ದದ್ದು ಸುರಪುರದಲ್ಲಿ. ದೂರು ಹೇಳುವವನು ರೊಟ್ಟಿ ಬುತ್ತಿ ಕಟ್ಟಿಕೊಂಡು ನಸುಕಿನಲ್ಲಿ ಹೊರಟರೆ ಹೊತ್ತು ಮುಳುಗುವುದರೊಳಗೆ ಅರಮನೆಯ ಬಾಗಿಲಲ್ಲಿರಬಹುದಿತ್ತು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಬಂಡಾಯ ಮುರಿದುಬಿತ್ತು. 1860ರಲ್ಲಿ ಇಂಗ್ಲಿಷರು ಸುರಪುರ ಸೀಮೆಯನ್ನು ನಿಜಾಮನಿಗೆ ಒಪ್ಪಿಸಿದರು. ಆಗ ರಾಜಧಾನಿ ಹೈದರಾಬಾದಾಯಿತು. ಶಹಾಪುರದಿಂದ ನೇರ ಗೆರೆಯಲ್ಲಿ 190 ಕಿ.ಮೀ.

ಮುಂದೆ 1956ರ ನವೆಂಬರ್ 1 ಬಂತು. ಕನ್ನಡ ನಾಡು ಒಂದಾಯಿತು. ಉರ್ದುವಿನಲ್ಲಿ ನಡೆಯುತ್ತಿದ್ದ ಕಚೇರಿಗಳು ಕನ್ನಡಕ್ಕೆ ತಿರುಗುವ ದಾರಿ ತೆರೆಯಿತು. ಅದು ಹಬ್ಬದ ದಿನವೇ ಸೈ. ಆದರೆ ಕಿಲೋಮೀಟರಿನ ಲೆಕ್ಕದಲ್ಲಿ ಅಂದು ನಡೆದದ್ದೇನು? 190 ಕಿ.ಮೀ. ದೂರದಲ್ಲಿದ್ದ ರಾಜಧಾನಿ ಒಂದೇ ರಾತ್ರಿಯಲ್ಲಿ 420 ಕಿ.ಮೀ. ದೂರಕ್ಕೆ ಹೋಯಿತು. ಭಾಷೆಗೆ ಹತ್ತಿರವಾದೆವು, ರಾಜಧಾನಿಗೆ ದೂರವಾದೆವು. ಇದನ್ನು ದೂರಿನ ದನಿಯಲ್ಲಿ ಹೇಳುತ್ತಿಲ್ಲ. ಏಕೀಕರಣದಿಂದ ಈ ಸೀಮೆಗೆ ದಕ್ಕಿದ್ದು ದೊಡ್ಡದು. ಆದರೆ ಕೂಡಿಸುವಾಗ ಕಳೆದದ್ದನ್ನೂ ಬರೆದಿಟ್ಟರೆ ಮಾತ್ರ ಲೆಕ್ಕ ಸರಿಬರುತ್ತದೆ.

ರೈಲು ಇತ್ತಲ್ಲ ಎನ್ನುತ್ತೀರಿ. ಇತ್ತು. 1871ರಲ್ಲಿ ಮುಂಬೈ ಕಡೆಯ ಹಳಿ ಮತ್ತು ಮದರಾಸು ಕಡೆಯ ಹಳಿ ರಾಯಚೂರಿನಲ್ಲಿ ಕೂಡಿದವು. ಯಾದಗಿರಿ ಆ ಮಾರ್ಗದ ಸ್ಟೇಷನ್ನಾಯಿತು. ಆದರೆ ಹಳಿ ಭೀಮಾ ನದಿಯ ಆಚೆ ದಡದಲ್ಲೇ ಉಳಿಯಿತು. ಶಹಾಪುರ, ಸುರಪುರದವರು ಹೊಳೆ ದಾಟಿ ರೈಲು ಹಿಡಿಯಬೇಕು. ಗದಗ–ವಾಡಿ ಮಾರ್ಗ ಈ ತಾಲ್ಲೂಕುಗಳಲ್ಲೇ ಹಾದುಬರಬೇಕೆಂಬುದು ಹಳೆಯ ಬೇಡಿಕೆ. ಆ ಮಾರ್ಗದಲ್ಲಿ ಗದಗ ಕಡೆಯಿಂದ ಕುಷ್ಟಗಿಯವರೆಗೆ ರೈಲು ಓಡಿದ್ದು 2025ರ ಮೇ ತಿಂಗಳಲ್ಲಿ. ಮುಂಬೈ–ಮದರಾಸು ಹಳಿ ಕೂಡಿ ನೂರೈವತ್ತು ವರ್ಷ ಕಳೆದ ಮೇಲೆ.

* * *

ಇನ್ನು ವಿಮಾನದ ಮಾತು. ಕಲಬುರಗಿ ವಿಮಾನ ನಿಲ್ದಾಣಕ್ಕೆ ಅಡಿಗಲ್ಲು ಬಿದ್ದದ್ದು 2008ರಲ್ಲಿ. ಉದ್ಘಾಟನೆಯಾದದ್ದು 2019ರ ನವೆಂಬರ್ 22ರಂದು. ಮುಖ್ಯಮಂತ್ರಿ ಯಡಿಯೂರಪ್ಪನವರು ಬಂದಿದ್ದರು. ಅಂದಿನಿಂದ 'ಉಡಾನ್' ಯೋಜನೆಯಡಿ ಬೆಂಗಳೂರಿಗೆ ವಿಮಾನ ಹಾರತೊಡಗಿತು. ಈ ಯೋಜನೆಯ ಮೊದಲ ವಿಮಾನಕ್ಕೆ 2017ರಲ್ಲಿ ಶಿಮ್ಲಾದಲ್ಲಿ ನಿಶಾನೆ ತೋರಿಸುವಾಗ ಪ್ರಧಾನಿಯವರು, ಹವಾಯಿ ಚಪ್ಪಲಿ ಹಾಕಿದವರೂ ವಿಮಾನದಲ್ಲಿ ಕಾಣಬೇಕು ಎಂದಿದ್ದರು. ಒಳ್ಳೆಯ ಮಾತು. ನಮ್ಮ ವನದುರ್ಗದ ಹವಾಯಿ ಚಪ್ಪಲಿಯವನನ್ನು ಆ ವಿಮಾನಕ್ಕೆ ಹತ್ತಿಸಿಯೇ ನೋಡೋಣ.

ಕಲಬುರಗಿಯಿಂದ ದೇವನಹಳ್ಳಿಗೆ ನೇರ ಗೆರೆಯಲ್ಲಿ 460 ಕಿ.ಮೀ. ಲೆಕ್ಕದ ಪ್ರಕಾರ ಮೂವತ್ತೈದು–ನಲವತ್ತು ನಿಮಿಷ ಸಾಕು. ಆದರೆ ವೇಳಾಪಟ್ಟಿಯಲ್ಲಿ ಒಂದು ತಾಸಿಗೂ ಮೇಲೆ ಹಾಕಿರುತ್ತಿದ್ದರು. ಯಾಕೆಂದರೆ ವಿಮಾನ ನೆಲದ ಮೇಲೆ ತೆವಳಿ ರನ್‌ವೇಗೆ ಹೋಗಬೇಕು, ಮೇಲೇರಬೇಕು, ಏರುವಾಗ ಇಳಿಯುವಾಗ ವೇಗ ಕಡಿಮೆ. ಆಕಾಶದಲ್ಲೂ ದಾರಿಗಳಿವೆ, ಬೇಕಾದಲ್ಲಿ ನುಗ್ಗುವಂತಿಲ್ಲ. ಬೆಂಗಳೂರಿನಂಥ ಗಿಜಿಗುಡುವ ನಿಲ್ದಾಣದಲ್ಲಿ ಸರದಿ ಬರುವ ತನಕ ಮೇಲೆಯೇ ಸುತ್ತು ಹಾಕಬೇಕಾದೀತು. ಎದುರು ಗಾಳಿ ಬೀಸಿದರೆ ಇನ್ನಷ್ಟು ನಿಮಿಷ. ದೂರ ಕಡಿಮೆಯಿದ್ದಷ್ಟೂ ಈ ಹೆಚ್ಚುವರಿ ಖರ್ಚೇ ದೊಡ್ಡದಾಗಿ ಕಾಣುತ್ತದೆ.

ಅದಾದರೂ ಇರಲಿ. ನಮ್ಮ ಪ್ರಯಾಣಿಕ ಹೊರಟಿರುವುದು ವನದುರ್ಗದ ಮನೆಯಿಂದ. ಮೊದಲು ಶಹಾಪುರದ ಬಸ್ ಸ್ಟ್ಯಾಂಡು. ಕಾಯುವುದೂ ಸೇರಿ ಒಂದು ತಾಸು. ಬೆಂಗಳೂರು ಇರುವುದು ದಕ್ಷಿಣಕ್ಕೆ, ಇವನು ಹೋಗಬೇಕಾದದ್ದು ಉತ್ತರಕ್ಕೆ! ಜೇವರ್ಗಿ ಹಾದು, ಕಟ್ಟಿಸಂಗಾವಿಯ ಹತ್ತಿರ ಭೀಮಾ ಸೇತುವೆ ದಾಟಿ ಕಲಬುರಗಿ ಸೇರಲು ಎರಡು ತಾಸು. ಅಲ್ಲಿಂದ ಸೇಡಂ ರಸ್ತೆಯಲ್ಲಿರುವ ನಿಲ್ದಾಣಕ್ಕೆ ಆಟೋದಲ್ಲಿ ಅರ್ಧ ತಾಸು. ಒಂದು ತಾಸು ಮೊದಲೇ ಹೋಗಿ ಕೂರಬೇಕು. ಹಾರಾಟ ಒಂದೂಕಾಲು ತಾಸು ಎನ್ನಿ. ದೇವನಹಳ್ಳಿಯಿಂದ ಮೆಜೆಸ್ಟಿಕ್ಕಿಗೆ ಒಂದೂವರೆ ತಾಸು. ಒಟ್ಟು ಏಳು ತಾಸು ದಾಟಿತು. ನಾನೂರಿಪ್ಪತ್ತನ್ನು ಏಳರಿಂದ ಭಾಗಿಸಿ. ಗಗನದಲ್ಲಿ ಏಳೆಂಟು ನೂರರ ವೇಗದಲ್ಲಿ ಹಾರಿದವನು ಮನೆಯಿಂದ ಮೆಜೆಸ್ಟಿಕ್ಕಿಗೆ ಲೆಕ್ಕ ಹಾಕಿದರೆ ತಾಸಿಗೆ ಅರವತ್ತು ಕಿಲೋಮೀಟರು ಹೋದಂತಾಯಿತು. ಕೆಂಪು ಬಸ್ಸಿನ ವೇಗ.

ಆ ಬಸ್ಸಾದರೋ ಶಹಾಪುರದಲ್ಲಿ ಸಂಜೆ ಹತ್ತಿದರೆ ಹತ್ತು–ಹನ್ನೊಂದು ತಾಸಿನಲ್ಲಿ ಬೆಳಗಿನ ಬೆಂಗಳೂರಿಗೆ ಬಿಡುತ್ತದೆ. ಬಸ್ಸಿನ ಹತ್ತು ತಾಸು ರಾತ್ರಿಯವು, ನಿದ್ದೆಯಲ್ಲಿ ಕಳೆದುಹೋಗುತ್ತವೆ. ವಿಮಾನದ ಏಳು ತಾಸು ಹಗಲಿನವು. ಕೂಲಿಯವನಿಗೆ ಹಗಲೆಂದರೆ ಒಂದು ದಿನದ ದುಡಿಮೆ. ಟಿಕೆಟ್ಟಿನ ಮಾತು ಬೇರೆಯೇ ಇದೆ. ಉಡಾನ್ ಯೋಜನೆ ಒಂದು ತಾಸಿನ ಹಾರಾಟಕ್ಕೆ ಎರಡೂವರೆ ಸಾವಿರ ರೂಪಾಯಿಯ ಮಿತಿ ಇಟ್ಟದ್ದು ವಿಮಾನದ ಒಂದಷ್ಟು ಸೀಟುಗಳಿಗೆ ಮಾತ್ರ. ಕಲಬುರಗಿಯ ನಿಲ್ದಾಣ ತೆರೆದ 2019ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 249 ರೂಪಾಯಿ. ಅಂದರೆ ಕಡಿಮೆ ದರದ ಸೀಟೇ ಸಿಕ್ಕಿದರೂ ಅದು ಹತ್ತು ದಿನದ ಕೂಲಿ. ಮೂರು ತಾಸು ಉಳಿಸಲು ಹತ್ತು ದಿನ ದುಡಿಯುವ ಬುದ್ಧಿವಂತ ವನದುರ್ಗದಲ್ಲಂತೂ ಸಿಕ್ಕಲಾರ.

ವಿಮಾನ ಬೇಡ ಎಂದು ಇದರ ಅರ್ಥವಲ್ಲ. ವೈದ್ಯರಿಗೆ, ವ್ಯಾಪಾರಿಗೆ, ದೂರದ ದೇಶದಿಂದ ತಾಯಿಯ ಕೊನೆಯ ಮುಖ ನೋಡಲು ಓಡಿ ಬರುವ ಮಗನಿಗೆ ಅದು ಬೇಕೇ ಬೇಕು. ಆದರೆ ಅದು ಯಾರ ದೂರವನ್ನು ಕಡಿಮೆ ಮಾಡಿತು ಎಂದು ಕೇಳುವ ಹಕ್ಕು ನಮಗಿರಬೇಕು.

* * *

ವೇಗ ಬೇರೆ, ಹತ್ತಿರ ಬೇರೆ. 2024ರ ಮಾರ್ಚ್ 12ರಂದು ಕಲಬುರಗಿ–ಬೆಂಗಳೂರು ವಂದೇ ಭಾರತ್ ರೈಲು ಶುರುವಾಯಿತು. ಸುಮಾರು ಒಂಬತ್ತು ತಾಸಿನಲ್ಲಿ ಬೆಂಗಳೂರು. ಯಾದಗಿರಿಯ ಹಳಿಗಳ ಮೇಲೆಯೇ ಅದು ಹಾದುಹೋಗಬೇಕು, ಬೇರೆ ದಾರಿಯಿಲ್ಲ. ಆದರೆ ಅದರ ಮೊದಲ ವೇಳಾಪಟ್ಟಿಯಲ್ಲಿ ಯಾದಗಿರಿಗೆ ನಿಲುಗಡೆಯೇ ಇರಲಿಲ್ಲ. ಜಿಲ್ಲಾ ಕೇಂದ್ರದ ಜನ ಪ್ಲಾಟ್‌ಫಾರ್ಮಿನಲ್ಲಿ ನಿಂತು ಬಿಳಿ–ನೀಲಿ ರೈಲು ಕಣ್ಣ ಮುಂದೆ ಸುಂಯ್ಯೆಂದು ಹೋಗುವುದನ್ನು ನೋಡಬಹುದಿತ್ತು. ನಿಲ್ಲದ ರೈಲು ಎಷ್ಟು ವೇಗವಾಗಿ ಓಡಿದರೆ ನಿಂತವನಿಗೆ ಏನು ಲಾಭ?

ಇದರ ಪಕ್ಕದಲ್ಲಿ ಇನ್ನೊಂದು ಪ್ರಯಾಣವನ್ನು ಇಟ್ಟು ನೋಡಿ. 2021ರ ಜನವರಿಯಲ್ಲಿ ಏರ್ ಇಂಡಿಯಾ ವಿಮಾನವೊಂದು ಸ್ಯಾನ್‌ಫ್ರಾನ್ಸಿಸ್ಕೋದಿಂದ ಹೊರಟು ನಡುವೆ ಎಲ್ಲಿಯೂ ಇಳಿಯದೆ ಬೆಂಗಳೂರಿಗೆ ಬಂತು. ನಡೆಸಿದವರೆಲ್ಲ ಮಹಿಳಾ ಪೈಲಟ್‌ಗಳು, ನಾಯಕಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್. ಎರಡು ನಗರಗಳ ನಡುವಿನ ನೇರ ದೂರ 13,993 ಕಿ.ಮೀ. ಹಿಡಿದದ್ದು ಹದಿನೇಳು ತಾಸು. ಅವರು ಬಂದದ್ದು ಉತ್ತರ ಧ್ರುವದ ಮೇಲಿನಿಂದ. ಭೂಪಟದಲ್ಲಿ ನೋಡಿದರೆ ಇದು ವಿಚಿತ್ರವೆನಿಸುತ್ತದೆ. ಆದರೆ ಶಾಲೆಯ ಗ್ಲೋಬಿನ ಮೇಲೆ ಒಂದು ದಾರವನ್ನು ಈ ಎರಡು ಊರಿನ ನಡುವೆ ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ತಾನಾಗಿಯೇ ಧ್ರುವದ ಕಡೆಗೆ ಜಾರುತ್ತದೆ. ಗುಂಡಗಿರುವ ಭೂಮಿಯ ಮೇಲೆ ಅದೇ ಅತಿ ಹತ್ತಿರದ ದಾರಿ. ಭೂಪಟದ ಹಾಳೆಯಲ್ಲಿ ಸೊಟ್ಟಗೆ ಕಾಣುವುದೇ ನಿಜವಾದ ನೆಟ್ಟನೆಯ ದಾರಿ.

ಹದಿನಾಲ್ಕು ಸಾವಿರ ಕಿಲೋಮೀಟರಿಗೆ ಹದಿನೇಳು ತಾಸು, ವನದುರ್ಗದಿಂದ ನಾನೂರಿಪ್ಪತ್ತು ಕಿಲೋಮೀಟರಿಗೆ ಹನ್ನೊಂದು–ಹನ್ನೆರಡು ತಾಸು. ಹೊತ್ತಿನಿಂದಲೇ ದೂರವನ್ನು ಅಳೆಯುವ ನಮ್ಮ ಯಜಮಾನರ ಲೆಕ್ಕದಲ್ಲಿ ಬೆಂಗಳೂರಿಗೆ ವನದುರ್ಗಕ್ಕಿಂತ ಅಮೆರಿಕ ಬಹಳ ದೂರವೇನಲ್ಲ!

* * *

ಈ ಸೀಮೆಗೆ ನಿಜವಾಗಿ ಹಾರಿ ಬರುವವರೂ ಇದ್ದಾರೆ. ಅವಕ್ಕೆ ಟಿಕೆಟ್ಟಿಲ್ಲ. ಸುರಪುರದ ಬಳಿಯ ಬೋನಾಳ ಕೆರೆಗೆ ಚಳಿಗಾಲದಲ್ಲಿ ಬರುವ ಹಕ್ಕಿಗಳಲ್ಲಿ ಪಟ್ಟೆತಲೆಯ ಹೆಬ್ಬಾತೂ ಒಂದು. ಮಧ್ಯ ಏಷ್ಯಾದ, ಟಿಬೆಟ್ಟಿನ ಎತ್ತರದ ಬಯಲುಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ದಕ್ಷಿಣಕ್ಕೆ ಬರುವ ಹಕ್ಕಿ ಇದು. ಏಳು ಸಾವಿರ ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಹೀಗಾಗಿ ಅದು ಒಮ್ಮೆ ಮೇಲೇರಿ ನೆಟ್ಟಗೆ ಗೆರೆ ಎಳೆದಂತೆ ಹಾರುತ್ತದೆ ಎಂದೇ ಬಹಳ ಜನ ಭಾವಿಸಿದ್ದರು.

ವಿಜ್ಞಾನಿಗಳು ಈ ಬಾತುಗಳ ಮೈಯೊಳಗೆ ಪುಟ್ಟ ಯಂತ್ರಗಳನ್ನಿಟ್ಟು ಎದೆಬಡಿತ, ರೆಕ್ಕೆಬಡಿತಗಳನ್ನು ಅಳೆದರು. 2015ರಲ್ಲಿ ಪ್ರಕಟವಾದ ಫಲಿತಾಂಶ ಬೇರೆಯದನ್ನೇ ಹೇಳಿತು. ಹಕ್ಕಿ ನೆಲದ ಏರಿಳಿತವನ್ನೇ ಅನುಸರಿಸಿ, ಕಣಿವೆ ಬಂದರೆ ಇಳಿದು, ಬೆಟ್ಟ ಬಂದರೆ ಏರಿ ಸಾಗುತ್ತದೆ. ಮೇಲಿನ ತೆಳು ಗಾಳಿಯಲ್ಲಿ ರೆಕ್ಕೆ ಬಡಿಯಲು ಶಕ್ತಿ ಬಹಳ ಬೇಕು. ಮತ್ತೆ ಮತ್ತೆ ಹತ್ತಿ ಇಳಿದರೂ ಒಟ್ಟು ಖರ್ಚು ಕಡಿಮೆಯೇ. ಹಕ್ಕಿ ಅಳೆಯುವುದು ಮೈಯಲ್ಲಿರುವ ಕಸುವನ್ನು. ನಮ್ಮ ಬಡವರು ರಾತ್ರಿ ಬಸ್ಸು ಹಿಡಿಯುವಾಗ ಮಾಡುವ ಲೆಕ್ಕವೂ ಇದೇ.

ಬಾತುಗಳು ಬರುವ ಹೊತ್ತಿಗೆ ಈ ಸೀಮೆಯ ಮನುಷ್ಯರು ಹೊರಡುತ್ತಾರೆ. ಅದಕ್ಕೆ ಗುಳೆ ಎಂದು ಹೆಸರು. ನಾರಾಯಣಪುರದ ಕಾಲುವೆ ನೀರು ಮುಟ್ಟಿದ ಹೊಲಗಳಲ್ಲಿ ಭತ್ತ ಹಸಿರಾಗಿದೆ. ಮುಟ್ಟದ ಹೊಲದವರು ಸುಗ್ಗಿ ಮುಗಿಯುತ್ತಲೇ ಪಾತ್ರೆ, ಹಾಸಿಗೆ, ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಊರಿನಲ್ಲಿ ಉಳಿಯುವವರು ಮುದುಕರು. ಜಾತ್ರೆಗೆ, ಹಬ್ಬಕ್ಕೆ ಮನೆಗಳ ಬೀಗ ತೆರೆಯುತ್ತವೆ, ಮತ್ತೆ ಬೀಳುತ್ತವೆ. ಬೆಂಗಳೂರಿನ ಎಷ್ಟೋ ಎತ್ತರದ ಮನೆಗಳ ಬಾಲ್ಕನಿಯಿಂದ ವಿಮಾನ ಇಳಿಯುವುದು ಕಾಣುತ್ತದಲ್ಲ, ಆ ಬಾಲ್ಕನಿಯ ಕಾಂಕ್ರೀಟು ಹೊತ್ತವರಲ್ಲಿ ಇವರೂ ಇದ್ದಾರೆ.

ಇವರ ದೂರ ಎಷ್ಟೆಂದು ನಾಡಿಗೆಲ್ಲ ಗೊತ್ತಾದದ್ದು 2020ರಲ್ಲಿ. ಮಾರ್ಚ್ 24ರ ರಾತ್ರಿ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಬಸ್ಸು ನಿಂತಿತು, ರೈಲು ನಿಂತಿತು, ವಿಮಾನವೂ ನಿಂತಿತು. ಅಂದು ಬೆಂಗಳೂರಿನಿಂದ ಉತ್ತರ ಕರ್ನಾಟಕದ ಕಡೆಗೆ ಗಂಟು ಹೊತ್ತು ಹೆಜ್ಜೆ ಹಾಕಿದವರಿಗೆ ಐನೂರು ಕಿಲೋಮೀಟರು ಮತ್ತೆ ಹಳೆಯ ಹರದಾರಿಗಳಾಗಿ ಒಡೆದುಹೋಯಿತು. ಸುಮಾರು ನೂರು ಹರದಾರಿ. ಮಕ್ಕಳನ್ನು ಕಟ್ಟಿಕೊಂಡು ದಿನಕ್ಕೆ ಆರು ಹರದಾರಿ ನಡೆದರೆ ಹದಿನೇಳು ದಿನ. ಎಷ್ಟೋ ಜನರನ್ನು ದಾರಿಯಲ್ಲೇ ತಡೆದು ನಿಲ್ಲಿಸಿದರು. ಸರಕಾರಿ ಬಸ್ಸುಗಳು ಅವರನ್ನು ಊರಿಗೆ ಮುಟ್ಟಿಸತೊಡಗಿದ್ದು ಮೇ ತಿಂಗಳ ಹೊತ್ತಿಗೆ. ಔರಂಗಜೇಬನಿಗೆ ಮೂರು ತಿಂಗಳು ಹಿಡಿಯಿತೆಂದು ನಾವು ನಕ್ಕೆವು. ಆತನಿಗೆ ಪಲ್ಲಕ್ಕಿಯಾದರೂ ಇತ್ತು.

* * *

ಹಾಗಾದರೆ ದೂರವನ್ನು ಕಡಿಮೆ ಮಾಡುವುದು ಹೇಗೆ? ಎರಡು ದಾರಿಗಳಿವೆ. ಒಂದು, ಹೋಗುವವನನ್ನು ವೇಗವಾಗಿ ಒಯ್ಯುವುದು. ಇನ್ನೊಂದು, ಅವನು ಯಾವುದಕ್ಕಾಗಿ ಹೋಗುತ್ತಾನೋ ಅದನ್ನೇ ಹತ್ತಿರಕ್ಕೆ ತರುವುದು. ಮೊದಲನೆಯದಕ್ಕೆ ರಿಬ್ಬನ್ನು, ನಿಶಾನೆ, ಫೋಟೋ ಎಲ್ಲ ಇರುತ್ತದೆ. ಎರಡನೆಯದು ಸದ್ದಿಲ್ಲದೆ ನಡೆಯುತ್ತದೆ. ವನದುರ್ಗದಂಥ ಊರುಗಳ ದೂರವನ್ನು ಹೆಚ್ಚಾಗಿ ಇಳಿಸಿದ್ದು ಮಾತ್ರ ಎರಡನೆಯದೇ.

2008ರ ಜುಲೈವರೆಗೆ ಸುರಪುರದ ರೈತನ ಹೊಲದ ವ್ಯಾಜ್ಯ ಹೈಕೋರ್ಟಿಗೆ ಹೋಯಿತೆಂದರೆ ವಾಯಿದೆ ವಾಯಿದೆಗೂ ಬೆಂಗಳೂರು. ಹೊಲ ಉಳಿಸಿಕೊಳ್ಳಲು ಹೋದವನು ಬಸ್ ಚಾರ್ಜಿಗೇ ಹೊಲ ಮಾರುವ ಸ್ಥಿತಿ. ಆ ತಿಂಗಳು ಧಾರವಾಡ ಮತ್ತು ಗುಲ್ಬರ್ಗದಲ್ಲಿ ಸಂಚಾರಿ ಪೀಠಗಳು ಶುರುವಾದವು. 2013ರಲ್ಲಿ ಅವು ಕಾಯಂ ಆದವು. 420 ಕಿ.ಮೀ. ದೂರದ ನ್ಯಾಯ ಒಮ್ಮೆಗೇ 80 ಕಿಲೋಮೀಟರಿಗೆ ಬಂತು. ಯಾವ ವಿಮಾನವೂ ಇಷ್ಟು ದೂರ ಉಳಿಸಿಲ್ಲ. 2009ರ ಡಿಸೆಂಬರ್ 30ರಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಡಿ.ಸಿ. ಕಚೇರಿ ಹತ್ತಿರ ಬಂತು. 2013ರಲ್ಲಿ ಜಾರಿಗೆ ಬಂದ 371(ಜೆ) ಕಲಮು ಈ ಸೀಮೆಯ ಮಕ್ಕಳಿಗೆ ಕಾಲೇಜಿನ ಸೀಟು, ಸರಕಾರಿ ಕೆಲಸಗಳನ್ನು ಕೈಗೆಟುಕುವಷ್ಟು ಸಮೀಪಕ್ಕೆ ತಂದಿತು. ಯಾದಗಿರಿಯಲ್ಲಿ ವೈದ್ಯಕೀಯ ಕಾಲೇಜು ಬಂತು. 2024ರ ಡಿಸೆಂಬರ್ 22ರಂದು ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ ಉದ್ಘಾಟನೆಯಾಯಿತು. ಹಾಸಿಗೆಯ ಸಂಖ್ಯೆಯೂ ಕಲಮಿನ ಸಂಖ್ಯೆಯೂ ಒಂದೇ ಆದದ್ದನ್ನು ಗಮನಿಸಿದಿರಾ? ಎದೆ ಹಿಡಿದುಕೊಂಡು ಕುಸಿದವನಿಗೆ ಮೊದಲ ಒಂದು–ಎರಡು ತಾಸೇ ಆಯುಷ್ಯ. ಅವನಿಗೆ ಬೆಂಗಳೂರಿನ ವಿಮಾನ ಒಂದು ತಾಸಿನದೋ ಎರಡು ತಾಸಿನದೋ ಎಂಬುದು ಮುಖ್ಯವಲ್ಲ. ಆಸ್ಪತ್ರೆ ಭೀಮೆಯ ಆಚೆಗೇ ಇದೆ ಎಂಬುದು ಮುಖ್ಯ.

ಆದರೆ ಇದರಲ್ಲೂ ಒಂದು ಮೋಸವಿದೆ. ಕಟ್ಟಡ ಹತ್ತಿರ ಬಂದ ಮಾತ್ರಕ್ಕೆ ದೂರ ಕಡಿಮೆಯಾಗುವುದಿಲ್ಲ. ಒಳಗಿನ ಕುರ್ಚಿಯಲ್ಲಿ ಮನುಷ್ಯರೂ ಇರಬೇಕು. 'ಸಾಹೇಬ್ರು ಮೀಟಿಂಗಿಗಿ ಹೋಗ್ಯಾರ, ನಾಳಿ ಬರ್ರಿ' ಎಂಬ ಮಾತು ಕೇಳದ ರೈತ ಈ ನಾಡಿನಲ್ಲಿ ಯಾರಿದ್ದಾರೆ? ಒಂದು 'ನಾಳಿ ಬರ್ರಿ'ಗೆ ದೂರ ಎರಡರಷ್ಟಾಗುತ್ತದೆ. ಎರಡು ಸಲ ಹೇಳಿದರೆ ಮೂರರಷ್ಟು. ನಾಲ್ಕು ಸಲ ತಿರುಗಾಡಿದ ಮೇಲೆ ಶಹಾಪುರದ ತಹಸೀಲ್ ಕಚೇರಿಯೇ ಕಲಬುರಗಿಯಷ್ಟು ದೂರವಾಗಿ ಕೂತಿರುತ್ತದೆ. ರಸ್ತೆ ಇಲಾಖೆ ಎಷ್ಟೇ ಡಾಂಬರು ಹಾಕಲಿ, ಈ ಕಿಲೋಮೀಟರುಗಳು ಅದರ ಕಲ್ಲುಗಳ ಮೇಲೆ ಕಾಣುವುದಿಲ್ಲ.

ಆದ್ದರಿಂದ ಮುಂದೆ ಯಾರಾದರೂ ಬಂದು, ನಿಮ್ಮೂರಿನಿಂದ ಬೆಂಗಳೂರಿಗೆ ಇನ್ನು ಇಷ್ಟೇ ನಿಮಿಷ ಎಂದು ಭಾಷಣ ಮಾಡಿದರೆ ವನದುರ್ಗದವರು ಚಪ್ಪಾಳೆ ತಟ್ಟಲಿ. ತಟ್ಟಿದ ಮೇಲೆ ಒಂದು ಪ್ರಶ್ನೆ ಕೇಳಲಿ: 'ವರ್ಷಕ್ಕ ಎಷ್ಟ್ ಸಲ ಹೋಗೂದು ತಪ್ಪಸ್ತೀರಿ?' ಕಾಲುವೆಯ ನೀರು ಕೊನೆಯ ಹೊಲ ಮುಟ್ಟಿದರೆ, ಊರ ಹತ್ತಿರವೇ ಆರು ತಿಂಗಳ ಕೆಲಸ ಸಿಕ್ಕರೆ, ಶಹಾಪುರದ ಆಸ್ಪತ್ರೆಯಲ್ಲಿ ರಾತ್ರಿಯೂ ಡಾಕ್ಟರಿದ್ದರೆ ಸಾವಿರಾರು ಜನರ ಪ್ರಯಾಣವೇ ಉಳಿಯುತ್ತದೆ. ಆಗ ಬೆಂಗಳೂರು 420 ಕಿಲೋಮೀಟರು ದೂರದಲ್ಲೇ ಇರಲಿ, ಅಡ್ಡಿಯಿಲ್ಲ. ಶಾಲೆಯ ಮಕ್ಕಳು ವರ್ಷಕ್ಕೊಮ್ಮೆ ಪ್ರವಾಸದ ಬಸ್ಸಿನಲ್ಲಿ ಹಾಡುತ್ತ ಹೋಗಿ ವಿಧಾನಸೌಧ, ಲಾಲ್‌ಬಾಗು ನೋಡಿ ಮರಳಿ ಬರಲಿ. ಅವರ ಅಪ್ಪ ಅಮ್ಮ ಆ ಊರಿನಲ್ಲಿ ಇಟ್ಟಿಗೆ ಹೊರುತ್ತ ಸಿಕ್ಕದಿದ್ದರೆ ಸರಿ.